ಹದಿನೆಂಟು ಮೊಳದ ಕೇಬಲ್ಲು

"ಕೇಬಲ್ಲು ಎಷ್ಟು ಉದ್ದ ಐತಕ್ಕ?" ಎಂದು ಫೋನಿನಲ್ಲಿ ಕೇಳಿದೆ.

"ಹದಿನೆಂಟು ಮೊಳ ಕಣಣ್ಣ" ಎಂದರು ಆ ಕಡೆಯಿಂದ.

ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರೇನೋ. ಯುಎಸ್‌ಬಿ ಕೇಬಲ್ಲನ್ನು ಮೊಳದಲ್ಲಿ ಅಳೆಯುವವರು ಕಲ್ಯಾಣದುರ್ಗದ ಆ ನೇಕಾರ ಹೆಂಗಸನ್ನು ಬಿಟ್ಟರೆ ಲೋಕದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ನನಗೆ ನಗು ಬರಲಿಲ್ಲ. ನನ್ನ ಬಲಗೈ ಆಗಲೇ ಮೇಜಿನ ಮೇಲೆ ಮೊಣಕೈ ಊರಿ ಅಳತೆ ಹಾಕುತ್ತಿತ್ತು. ನಮ್ಮ ಮನೆಯಲ್ಲೂ ಎಲ್ಲದಕ್ಕೂ ಮೊಳವೇ. ಹದಿನೆಂಟು ಮೊಳ ಎಂದರೆ ಹೆಚ್ಚುಕಡಿಮೆ ಎಂಟು ಮೀಟರು. ಯುಎಸ್‌ಬಿಯ ತಾಕತ್ತು ಐದು ಮೀಟರಿಗೇ ಮುಗಿಯುತ್ತದೆ. ರೋಗ ಏನೆಂದು ನಮ್ಮೂರು ಹಿಂದೂಪುರದಲ್ಲಿ ಕೂತೇ ಹೇಳಬಹುದಿತ್ತು. ಅವತ್ತೇ ಬಾಯಿಬಿಟ್ಟು ಹೇಳಿದ್ದರೆ ಆಕೆಯ ಒಂದು ಗೇಣು ರೇಷ್ಮೆ ಉಳಿಯುತ್ತಿತ್ತು. ನಾನು ಹೇಳಲಿಲ್ಲ. "ಬಂದು ನೋಡ್ತೀನಕ್ಕ" ಎಂದೆ.

ಬಂದು ನೋಡುವ ಆಸೆ ನನ್ನದು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ನಾನು ಪ್ರಿಂಟರು, ಸ್ಕ್ಯಾನರು ರಿಪೇರಿ ಮಾಡುವವನು. ಅಂಗಡಿ ನಮ್ಮ ಹಳೆಯ ಮನೆಯ ಮುಂಭಾಗದಲ್ಲೇ ಇದೆ. ನನ್ನ ಮೇಜು ನಿಂತಿರುವ ಕಡೆ ಮುಂಚೆ ಅಪ್ಪನ ಕುಣಿಮಗ್ಗ ಇತ್ತು. ಅವರು ತೀರಿಕೊಂಡ ಮೇಲೆ ಕುಣಿಗೆ ಮಣ್ಣು ತುಂಬಿಸಿ, ಮೇಲೆ ಸಿಮೆಂಟು ಎಳೆಸಿದವನು ನಾನೇ. ಒಂದು ಬೆಳಿಗ್ಗೆಯ ಕೆಲಸ ಅದು. ಮಗ್ಗದ ಸದ್ದು ಮಾತ್ರ ಇಪ್ಪತ್ತು ವರ್ಷವಾದರೂ ಬೇಕು ಬೇಕು ಎನಿಸುತ್ತದೆ. ಅದಕ್ಕೇ ಮಗ್ಗದ ಕಂಪ್ಯೂಟರ್ ಎಂದು ಯಾರಾದರೂ ಕರೆದರೆ ಎಷ್ಟು ದೂರವಾದರೂ ಚೀಲ ಹೆಗಲಿಗೇರಿಸಿಬಿಡುತ್ತೇನೆ.

ಬಸ್ಸು ಮಡಕಶಿರಾ ದಾಟಿ, ಪಾವಗಡದಲ್ಲಿ ಕರ್ನಾಟಕದ ಟೀ ಕುಡಿಸಿ, ಮತ್ತೆ ಆಂಧ್ರಕ್ಕೆ ತಂದು ಕಲ್ಯಾಣದುರ್ಗದಲ್ಲಿ ಇಳಿಸಿತು. ಬೀದಿಯ ತಿರುವಿನಲ್ಲೇ ಮಗ್ಗದ ಸದ್ದು ಕೇಳಿತು. ನನ್ನ ಹೆಜ್ಜೆ ತಾನಾಗಿಯೇ ಜೋರಾಯಿತು.

ಮನೆ ಉದ್ದಕ್ಕಿತ್ತು. ಮುಂದೆ ಒಂದು ಕೋಣೆ, ಅಲ್ಲಿ ಮೇಜು, ಕಂಪ್ಯೂಟರು, ಪ್ಲಾಸ್ಟಿಕ್ ವೈರು ಹೆಣೆದ ಕುರ್ಚಿ. ನಡುವೆ ಅಡುಗೆಮನೆ. ಹಿಂದೆ ಮಗ್ಗ. ಮಗ್ಗದ ತಲೆಯ ಮೇಲೆ ಅಟ್ಟೆಗಳ ಬದಲು ಒಂದು ವಿದ್ಯುತ್ ಪೆಟ್ಟಿಗೆ ಕೂತಿತ್ತು. ಹಿಂದೆಲ್ಲ ಸೀರೆಯ ಅಂಚಿನ ವಿನ್ಯಾಸವನ್ನು ರಟ್ಟಿನ ಅಟ್ಟೆಗಳಲ್ಲಿ ತೂತು ಹೊಡೆದು ಮಾಲೆ ಕಟ್ಟುತ್ತಿದ್ದರು. ಈಗ ಕಾಲಲ್ಲಿ ಒಂದು ಸಲ ತುಳಿದರೆ ಕಂಪ್ಯೂಟರು ಒಂದು ಸಾಲು ವಿನ್ಯಾಸ ಕಳಿಸುತ್ತದೆ, ಪೆಟ್ಟಿಗೆ ಆ ಸಾಲಿಗೆ ಬೇಕಾದ ಎಳೆಗಳನ್ನು ಮೇಲೆತ್ತುತ್ತದೆ. ಲಾಳಿ ಹಾಯುತ್ತದೆ, ಮತ್ತೆ ತುಳಿ, ಮತ್ತೊಂದು ಸಾಲು. ನಡುವೆ ಕೇಬಲ್ಲು ಒಂದು ಗಳಿಗೆ ಕೈಕೊಟ್ಟರೂ ಸಾಲು ತಪ್ಪುತ್ತದೆ.

"ಕೊಕ್ಕರೆ ಕುಂಟಾಗೋಯ್ತಾ ಐತಣ್ಣ" ಎಂದರು ಆಕೆ, ಅಂಚನ್ನು ಬೆರಳಲ್ಲಿ ತೋರಿಸುತ್ತಾ.

ಅಂಚಿನಲ್ಲಿ ಸಾಲಾಗಿ ಕೊಕ್ಕರೆಗಳಿದ್ದವು. ನಮ್ಮ ಚಿಲಮತ್ತೂರು ಕಡೆಯ ವೀರಾಪುರದ ಹುಣಸೆಮರಗಳಿಗೆ ಬರುತ್ತವಲ್ಲ, ಅವೇ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ನೋಡಲು ಹೋಗಿದ್ದರಂತೆ, ಗಂಡ ಅದನ್ನು ನೆನಪಿಟ್ಟುಕೊಂಡು ಬರೆದಿದ್ದ ವಿನ್ಯಾಸ. ಅಲ್ಲಲ್ಲಿ ಒಂದು ಕೊಕ್ಕರೆಯ ಕಾಲು ಮೊಣಕಾಲಿನ ಹತ್ತಿರ ಮುರಿದಂತಾಗಿ ಪಕ್ಕಕ್ಕೆ ಸರಿದಿತ್ತು.

"ಕುಂಟ ಕೊಕ್ಕರೆ, ಕುಂಟ ಕೊಕ್ಕರೆ" ಎಂದು ಬಾಗಿಲ ಬಳಿ ರಾಟೆಯಲ್ಲಿ ಲಾಳಿಯ ಕಂಡಿಕೆಗೆ ದಾರ ಸುತ್ತುತ್ತಿದ್ದ ಮುದುಕಿ ರೇಗಿಸಿದರು. ಅವರು ಆಕೆಯ ಅತ್ತೆ, ಮಾತಿನ ನಡುವೆ ತೆಲುಗು ಬೆರೆಸುವವರು. "ಚೂಡು ನಾಯನಾ, ಇವಳು ಬಿಚ್ಚಿ ಬಿಚ್ಚಿ ನೇಯ್ತಾಳೆ. ರೇಷ್ಮೆ ಏನು ಜಡೆಯಾ, ಬಿಚ್ಚಿ ಹೆಣೆಯಾಕೆ?"

ಆಕೆ ನಗಲಿಲ್ಲ. ಮಗ್ಗದ ಮೇಲಿನ ಹಾಸನ್ನು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳನ್ನು, ಅಂಗೈಯಿಂದ ಮೆಲ್ಲಗೆ ಸವರಿದರು. ನೇರಳೆ ಹಣ್ಣು ಕಿವುಚಿದಾಗ ಬೆರಳಿಗೆ ಹತ್ತುತ್ತದಲ್ಲ, ಆ ಬಣ್ಣ. "ಇದು ಅವ್ರೇ ಕೈಯಾರೆ ಬಣ್ಣ ಹಾಕಿದ್ದು. ಎರಡು ಸೀರೆ ಹಾಸು. ಒಂದು ಸಾವ್ಕಾರ್ರಿಗೆ ಹೋಯ್ತು. ಇನ್ನೊಂದು ನಿಂಗೆ ಅಂದಿದ್ರು. ಹನ್ನೆರಡನೇ ವಯಸ್ಸಿಂದ ನೇಯ್ತಿದೀನಿ ಅಣ್ಣ, ನಾನು ನೇಯ್ದ ರೇಷ್ಮೆ ಸೀರೆ ಒಂದಿನ ಮೈಮೇಲೆ ಹಾಕ್ಕಂಡಿಲ್ಲ. ಇದೊಂದು ಉಟ್ಕಂಬೇಕು ಅಂತ ಆಸೆ. ಬಣ್ಣ ಹೆಂಗೆ ಕಲೆಸಿದ್ರೋ ಬರೆದಿಟ್ಟಿಲ್ಲ. ಇದು ಮುಗುದ್ರೆ ಮುಗೀತು."

ಗಂಡ ತೀರಿಹೋಗಿ ಎಂಟು ತಿಂಗಳಾಗಿತ್ತು. ಪ್ರತಿ ಸಲ ಸಾಲು ತಪ್ಪಿದಾಗಲೂ ಅಷ್ಟನ್ನು ಬಿಚ್ಚಬೇಕು. ಬಿಚ್ಚಿದಾಗಲೆಲ್ಲ ಎಳೆ ಜುಂಗು ಏಳುತ್ತದೆ, ಹರಿಯುತ್ತದೆ. ಹಾಗೆ ಕೆಟ್ಟ ಒಂದು ತುಂಡನ್ನು ಆಕೆ ಆಗಲೇ ನೇಯ್ದು ಬಿಟ್ಟುಬಿಟ್ಟಿದ್ದರು, ಸೀರೆಯನ್ನು ಅದರ ಮುಂದಿನಿಂದ ಹೊಸದಾಗಿ ಶುರು ಮಾಡಿದ್ದರು. ಉಳಿದ ಹಾಸು ಸೀರೆಗೆ ಸರಿಯಾಗಿ ಸಾಕು, ಮೇಲೆ ಮೂರು ನಾಲ್ಕು ಗೇಣು ಬರಬಹುದು ಅಷ್ಟೇ.

"ಅವ್ರಿದ್ದಾಗ ಒಂದಿನಾನೂ ಹಿಂಗಾಗಿಲ್ಲ ಕಣಣ್ಣ" ಎಂದರು. ಆ ಮಾತನ್ನು ನಾನು ಗಮನವಿಟ್ಟು ಕೇಳಬೇಕಿತ್ತು. ರಿಪೇರಿಯವರು ಇಂಥ ಮಾತನ್ನು ದಿನಾ ಕೇಳುತ್ತೇವೆ, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟುಬಿಡುತ್ತೇವೆ.

ಕೇಬಲ್ಲನ್ನು ಗಂಡ ತಾನೇ ಎಳೆದಿದ್ದ. ಗೋಡೆಯಲ್ಲಿ ಉದ್ದಕ್ಕೆ ಕೊರೆದು, ಒಳಗೆ ಕೂರಿಸಿ, ಮೇಲೆ ಗಾರೆ ಮೆತ್ತಿ ಸುಣ್ಣ ಬಳಿದಿದ್ದ. "ಇದನ್ನ ತೆಗೆದು..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ, "ಗೋಡೆ ಮಾತ್ರ ಒಡೀಬೇಡಣ್ಣ. ಅವ್ರ ಕೈ ಕೆಲಸ" ಎಂದರು. ಕಂಪ್ಯೂಟರನ್ನೇ ಮಗ್ಗದ ಪಕ್ಕ ತಂದರೆ ಎಂದು ಕೇಳಿದೆ. ಮುದುಕಿಯ ರಾಟೆ ನಿಂತಿತು. "ನನ್ನ ಮಗ ಕುಂತಿದ್ದ ಜಾಗ ಅದು ನಾಯನಾ" ಎಂದರು. ಅಷ್ಟಕ್ಕೆ ನನ್ನ ವಿದ್ಯೆ ಬಾಲ ಮುದುರಿಕೊಂಡಿತು.

ಕೇಬಲ್ಲು ಉದ್ದವಾದಷ್ಟೂ ಏನಾಗುತ್ತದೆ ಎಂದು ಸರಳವಾಗಿ ಹೇಳುತ್ತೇನೆ. ಒಳಗೆ ನಾಲ್ಕು ತಂತಿ. ಕೆಂಪು ಕಪ್ಪು ಎರಡು ಕರೆಂಟಿಗೆ, ಹಸಿರು ಬಿಳಿ ಎರಡು ಮಾತಿಗೆ. ತಂತಿ ಸಣ್ಣ, ದಾರಿ ಉದ್ದ, ಹಾಗಾಗಿ ಆ ತುದಿಗೆ ಹೋಗುವಷ್ಟರಲ್ಲಿ ಕರೆಂಟೂ ಬಡಕಲಾಗುತ್ತದೆ, ಮಾತೂ ಬಡಕಲಾಗುತ್ತದೆ. ಉತ್ತರಕ್ಕೆ ಕಂಪ್ಯೂಟರು ಕಾಯುವುದು ರೆಪ್ಪೆ ಬಡಿಯುವಷ್ಟೂ ಇಲ್ಲ. ಅಷ್ಟರಲ್ಲಿ ಬರಲಿಲ್ಲ ಎಂದರೆ ಆ ಕಡೆ ಯಾರೂ ಇಲ್ಲ ಎಂದು ತೀರ್ಮಾನಿಸಿ 'ಡುಡುಂಗ್' ಎಂದು ಸದ್ದು ಮಾಡುತ್ತದೆ. ಮರುಗಳಿಗೆ ಮತ್ತೆ ಕಂಡು 'ಡಿಡಿಂಗ್' ಎನ್ನುತ್ತದೆ. ಅದೂ ಒಂದೇ ಸಮ ಆಗುವುದಿಲ್ಲ. ಹೆಚ್ಚು ಎಳೆಗಳನ್ನು ಒಟ್ಟಿಗೆ ಎತ್ತುವ ಸಾಲು ಬಂದಾಗ, ಮಗ್ಗ ಜೋರಾಗಿ ಅದುರಿದಾಗ, ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದಾಗ ಆಗುತ್ತದೆ. ಒಂದು ದಿನ ಪೂರಾ ನೆಟ್ಟಗಿದ್ದು ಮರುದಿನ ನಾಲ್ಕು ಸಲ ಕೈಕೊಡುತ್ತದೆ. ಪೂರ್ತಿ ಸತ್ತ ಕೇಬಲ್ಲು ಎಷ್ಟೋ ವಾಸಿ.

ಮೊದಲ ದಿನ ನಾನು ಮಾಡಿದ್ದೆಲ್ಲ ಮೇಲುಮೇಲಿನ ಔಷಧ. ಕಂಪ್ಯೂಟರಿನ ಮುಂದಿದ್ದ ಪ್ಲಗ್ಗನ್ನು ಹಿಂದಿನ ಪೋರ್ಟಿಗೆ ಹಾಕಿದೆ. ಕರೆಂಟು ಉಳಿಸುವ ಸೆಟ್ಟಿಂಗು ತೆಗೆದೆ. ಮಗ್ಗದ ತುದಿಯಲ್ಲಿ ಬೇರೆ ಕರೆಂಟು ಕೊಡುವ ಒಂದು ಹಬ್ಬು ಕೂರಿಸಿದೆ. ಆಕೆ ಮೂವತ್ತು ಕೊಕ್ಕರೆ ನೇಯ್ದರು, ಒಂದೂ ಕುಂಟಲಿಲ್ಲ. ಮುದುಕಿ ನನಗೆ ಎರಡು ಮುದ್ದೆ ಉಣಿಸಿ ಕಳಿಸಿದರು. ನಾಲ್ಕನೇ ದಿನ ಫೋನು.

"ಮತ್ತೆ ಬಂದ್ಬುಡ್ತಣ್ಣ ಆ ಡುಡುಂಗು. ಬಿಚ್ಚೋವಾಗ ಏಳು ಎಳೆ ಹರುದೋದ್ವು."

ಎರಡನೇ ಸಲ ಹೋದಾಗ ಕಣ್ಣಿಗೆ ಬಿದ್ದಿದ್ದು, ಮೊದಲ ಸಲವೇ ಬೀಳಬೇಕಿದ್ದ ಸಂಗತಿ. ಕಂಪ್ಯೂಟರಿನ ಕಡೆ ಗೋಡೆಯೊಳಗೆ ಹೋಗುವ ಕೇಬಲ್ಲು ಕಪ್ಪು. ಮಗ್ಗದ ಕಡೆ ಗೋಡೆಯಿಂದ ಹೊರಗೆ ಬರುವುದು ಬೂದು ಬಣ್ಣದ್ದು. ಥೂ ನನ್ನ ಕಣ್ಣಿಗಿಷ್ಟು ಎಂದುಕೊಂಡೆ. ನಡುವೆ ಎಲ್ಲೋ ಎರಡನ್ನು ಸೇರಿಸಿದ್ದಾರೆ.

"ಎಲ್ಲಿ ಅಂಟಿಸಿದ್ರು ಅಜ್ಜಿ, ಗೊತ್ತಾ?"

"ಆ ಕ್ಯಾಲೆಂಡರು ಎತ್ತಿ ನೋಡು" ಎಂದರು ಮುದುಕಿ.

ಕ್ಯಾಲೆಂಡರಿನ ಹಿಂದೆ ಒಂದು ಗೂಡು, ಅದರ ಬಾಯಿಗೆ ಹಳೆಯ ಅಟ್ಟೆಯ ರಟ್ಟು. ರಟ್ಟು ತೆಗೆದೆ. ಒಳಗೆ ನಾಲ್ಕು ತಂತಿಗಳನ್ನು ಹೊಸೆದು ಸೇರಿಸಿ, ಇನ್ಸುಲೇಶನ್ ಟೇಪಿನ ಬದಲು ಮೇಲೆ ರೇಷ್ಮೆ ದಾರ ಸುತ್ತಿತ್ತು. ಅದೇ ನೇರಳೆ. ದಾರ ಬಿಚ್ಚಿದಾಗ ತಾಮ್ರದ ಹೊಸೆತದ ನಡುವೆ ಬೂದಿ ಕಂಡಿತು.

ಹಾಸು ಮುಗಿಯಲು ಬಂದಾಗ ನೇಕಾರರು ಅದನ್ನು ಮಗ್ಗದಿಂದ ಪೂರ್ತಿ ಕೀಳುವುದಿಲ್ಲ. ಎಳೆಗಳು ಹಾಯುವ, ಬಾಚಣಿಗೆಯಂಥ ಹಣಿಗೆಯಲ್ಲಿ ಹಳೆಯ ಎಳೆಗಳ ಬಾಲ ಬಿಟ್ಟು, ಬೆರಳಿಗೆ ಬೂದಿ ಮುಟ್ಟಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆಯುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಬೂದಿ ಇದ್ದರೆ ಬೆರಳು ಜಾರುವುದಿಲ್ಲ, ಹೊಸೆತ ಬಿಗಿಯಾಗುತ್ತದೆ. ಆತ ಯುಎಸ್‌ಬಿ ಕೇಬಲ್ಲನ್ನೂ ಕೆಚ್ಚಿದ್ದ. ಲೋಕದ ಯಾವ ಎಲೆಕ್ಟ್ರಿಷಿಯನ್ನೂ ಮಾಡದ ತಪ್ಪು ಅದು, ನಮ್ಮ ಜನ ಮಾತ್ರ ಮಾಡುವುದು. ಹಳೆಯದಕ್ಕೆ ಹೊಸದು ಸೇರಿದರೆ ಎಷ್ಟು ಉದ್ದ ಬೇಕಾದರೂ ಹೋಗುತ್ತದೆ ಎಂಬ ನಂಬಿಕೆ ನನ್ನ ಬೆರಳುಗಳಲ್ಲೂ ಇದೆ. ಅಪ್ಪನ ಎದುರು ಕೂತು ಕೆಚ್ಚುತ್ತಿದ್ದ ದಿನಗಳು ಕಣ್ಣೆದುರು ಬಂದು ನಿಂತವು.

ಬಿಚ್ಚಿದ ದಾರವನ್ನು ಆಕೆಯ ಕೈಗೆ ಕೊಟ್ಟೆ. ಆಕೆ ಅದನ್ನು ಕಿರುಬೆರಳಿಗೆ ಸುತ್ತಿಕೊಂಡು, "ಇಷ್ಟು ಒಳ್ಳೆ ದಾರ ತಗಂಡೋಗಿ ಗೋಡೆಗೆ ಹಾಕವ್ರಲ್ಲ, ನೋಡು ಇವ್ರ ಬುದ್ಧೀನ" ಎಂದು ಗಂಡನನ್ನು ಬೈದರು. "ಕೇಬಲ್ಲು ಕೀಳ್ಬೇಡಣ್ಣ. ಗಂಟು ಮಾತ್ರ ಸರಿಮಾಡು."

ಆಗಲಾದರೂ ನಿಜ ಹೇಳಬೇಕಿತ್ತು. ಗಂಟನ್ನು ಬಂಗಾರದಲ್ಲಿ ಬೆಸೆದರೂ ಎಂಟು ಮೀಟರು ಎಂಟೇ ಮೀಟರು. ಆದರೆ ನನಗೆ ನಾಲಿಗೆ ಏಳಲಿಲ್ಲ. ಬೂದಿ ಒರೆಸಿ, ತಾಮ್ರ ಕೆರೆದು, ಬೆಸುಗೆ ಹಾಕಿ, ಮೇಲೆ ಕೊಳವೆ ಏರಿಸಿ, ನೋಡಿದವರು ಭೇಷ್ ಅನ್ನುವಂತೆ ಮಾಡಿದೆ. ಕ್ಯಾಲೆಂಡರನ್ನು ಮತ್ತೆ ನೇತುಹಾಕಿ ಹಿಂದೂಪುರಕ್ಕೆ ಬಂದೆ. ಅದು ರಿಪೇರಿಯಲ್ಲ, ಹೇಡಿತನ.

ಒಂದು ವಾರ ಸುಮ್ಮನಿತ್ತು. ಸೀರೆ ಮುಕ್ಕಾಲು ಮುಗಿಯಿತೆಂದು ಆಕೆ ಖುಷಿಯಿಂದ ಫೋನು ಮಾಡಿದ್ದರು. ಮರುದಿನವೇ ಇನ್ನೊಂದು ಫೋನು, ಮುದುಕಿಯದು. "ನಾಯನಾ, ಇವಳು ಮಗ್ಗದಿಂದ ಇಳುದು ಗೋಡೆಗೆ ಒರಗಿ ಕುಂತವ್ಳೆ. ಊಟಾನೂ ಒಲ್ಲೆ ಅಂತಾಳೆ. ನೀನು ಬರ್ತೀಯೋ ಇಲ್ವೋ?" ಒಂದು ಗೇಣು ಬಿಚ್ಚಿ, ಎಳೆಗಳೆಲ್ಲ ಹಿಂಜಿ, ಆ ಗೇಣನ್ನು ಇನ್ನು ನೇಯಲು ಬರುವಂತಿರಲಿಲ್ಲ, ಅಷ್ಟನ್ನು ಬಿಟ್ಟು ಮುಂದೆ ನೇಯ್ದು ಆಮೇಲೆ ಹೊಲಿದು ಸೇರಿಸಬೇಕು. ಮುಂದಿನ ಹಾಸಿಗೆ ಬಿಡಬೇಕಾದ ಬಾಲ ಕಳೆದರೆ, ಇನ್ನೊಂದು ಸಲ ಹೀಗಾದರೆ ಸೀರೆಗೆ ಸೆರಗಿಲ್ಲ.

ಮೂರನೇ ಸಲ ಹೋದವನು ಯಾರ ಮುಖವನ್ನೂ ನೋಡದೆ ಕಂಪ್ಯೂಟರಿನ ಮುಂದೆ, ಆ ಕುರ್ಚಿಯಲ್ಲಿ ಕೂತೆ. ಯಾವ ಯಾವ ಸಾಲಿನಲ್ಲಿ ತಪ್ಪುತ್ತಿದೆ ಎಂದು ನೋಡೋಣವೆಂದು ಆ ಸಾಫ್ಟ್‌ವೇರ್ ಬರೆದಿಟ್ಟುಕೊಳ್ಳುವ ಫೈಲು ತೆರೆದೆ. ಹಿಂದೆ ಹಿಂದೆ ಹೋದೆ. ಎಂಟು ತಿಂಗಳು ದಾಟಿ, ಗಂಡ ಇದ್ದ ದಿನಗಳಿಗೆ ಹೋದೆ. ಅಲ್ಲೂ ಅದೇ ಕತೆ. ಸಂಪರ್ಕ ಕಡಿದಿದೆ, ಮತ್ತೆ ಬಂದಿದೆ. ದಿನಕ್ಕೆ ಐದು ಸಲ, ಎಂಟು ಸಲ. ಒಂದೇ ವ್ಯತ್ಯಾಸ. ಪ್ರತಿ ಸಲವೂ ಅದರ ಕೆಳಗೆ ಇನ್ನೊಂದು ಗೆರೆ: ಇಂಥ ಸಾಲಿನಿಂದ ಮತ್ತೆ ಶುರು. ಅದು ತಾನಾಗಿ ಬರುವ ಗೆರೆಯಲ್ಲ. ಯಾರಾದರೂ ಕೂತು, ಸಾಲಿನ ನಂಬರು ಕೈಯಲ್ಲಿ ಒತ್ತಿದರೆ ಮಾತ್ರ ಬರುವುದು.

ಒಳಗಿನ ಕಡೆ ತಿರುಗಿ ಕೇಳಿದೆ. "ಅಕ್ಕ, ನೀವು ನೇಯೋವಾಗ ಅವರು ಇಲ್ಲಿ ಕುಂತು ಏನ್ ಮಾಡೋರು?"

"ಏನ್ ಮಾಡೋರು, ಕುಂತಿರೋರು" ಎಂದರು ಒಳಗಿಂದ ಬಂದು. "ನಾನು ಬೈತಿದ್ದೆ. ಗಂಡಸಾಗಿ ದಿನವೆಲ್ಲ ಕುರ್ಚೀಲಿ ಕುಂತ್ಕಂತೀಯಲ್ಲ, ಹೋಗಿ ನಾಲ್ಕು ಜನದ ಮುಖ ನೋಡು ಅಂತ. ಒಂದೊಂದು ಸಲ 'ನಿಲ್ಸು' ಅಂತ ಕೂಗೋರು. ನಿಲ್ಲಿಸ್ತಿದ್ದೆ. 'ಹೂಂ, ತುಳಿ' ಅನ್ನೋರು. ಯಾಕೆ ಅಂದ್ರೆ, 'ನಿನ್ ಕಾಲಿಗೆ ವಿಶ್ರಾಂತಿ ಕಣೇ' ಅನ್ನೋರು."

ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಎರಡು ಸಲ ನುಂಗಿಕೊಂಡು ಆಕೆಯ ರೇಷ್ಮೆ ಹಾಳುಮಾಡಿದ್ದು ಸಾಕಾಗಿತ್ತು. ಹೇಳಿದೆ.

"ಈ ಕೇಬಲ್ಲು ಹಾಕಿದ ದಿನದಿಂದ್ಲೂ ಸರಿಯಿಲ್ಲಕ್ಕ. ಇಷ್ಟು ದೂರಕ್ಕೆ ಇದು ತಡೆಯಲ್ಲ. ಅವರಿಗೆ ಅದು ಗೊತ್ತಾಗಿತ್ತು. ಡುಡುಂಗ್ ಅಂದ ತಕ್ಷಣ ನಿಮ್ಮನ್ನ ನಿಲ್ಲಿಸಿ, ತಪ್ಪಿದ ಸಾಲು ಹುಡುಕಿ ಸರಿಮಾಡಿ, ಆಮೇಲೆ ತುಳಿ ಅಂತಿದ್ರು. ಇಲ್ಲಿ ನೋಡಿ, ಸಾವಿರಾರು ಸಲ. ನಿಮ್ಮ ಎಳೆ ಕೆಡಬಾರದು ಅಂತ ಕಾವಲು ಕುಂತಿದ್ರು."

ಆಕೆ ಪರದೆಯ ಹತ್ತಿರ ಬಗ್ಗಿದರು. ಓದಲು ಬರುತ್ತಿರಲಿಲ್ಲ, ಆದರೂ ನಾನು ಉರುಳಿಸುತ್ತಿದ್ದ ಗೆರೆಗಳನ್ನು ಕೊನೆಯವರೆಗೂ ನೋಡಿದರು. ಒಂದು ಜಾಗದಲ್ಲಿ 'ಮತ್ತೆ ಶುರು' ಎಂಬ ಗೆರೆ ನಿಂತುಹೋಗಿತ್ತು. ಅಲ್ಲಿಂದ ಮುಂದೆ ಬರೀ ಕಡಿದ ಸಂಪರ್ಕಗಳು. ಅದು ಯಾವ ದಿನವೆಂದು ನಾನು ಹೇಳಲಿಲ್ಲ, ಆಕೆಯೂ ಕೇಳಲಿಲ್ಲ.

"ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ಏನ್ ಗಂಟು ಹೋಗ್ತಿತ್ತು ಇವ್ರದ್ದು" ಎಂದರು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಮುದುಕಿ ರಾಟೆ ಬಿಟ್ಟು ಬಂದು ಸೊಸೆಯ ಬೆನ್ನ ಮೇಲೆ ಕೈಯಿಟ್ಟರು, ಅವರೂ ಅತ್ತರು. ನಾನು ಕುರ್ಚಿಯಿಂದ ಎದ್ದು ನಿಂತೆ, ಅಲ್ಲಿ ಕೂತಿರಲು ನಾನ್ಯಾರು.

ಮುಖ ಒರೆಸಿಕೊಂಡು ಆಕೆ ಅತ್ತೆಯ ಕಡೆ ತಿರುಗಿದರು. "ಇಲ್ಲಿಗಂಟ ಕುಂತಿದ್ದು ಸಾಕು ಅತ್ತೆ. ಇನ್ನ ಎದ್ದೇಳ್ಲಿ ಅವ್ರು."

ಮುದುಕಿ ಒಂದು ಗಳಿಗೆ ಕುರ್ಚಿಯನ್ನು ನೋಡಿದರು. "ಸರೇ, ಎತ್ತು ನಾಯನಾ ನಿನ್ನ ಡಬ್ಬ" ಎಂದರು ನನಗೆ.

ಮೇಜು ಹಿಂದಿನ ಕೋಣೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಮಗ್ಗದ ಪಕ್ಕದ ಗೋಡೆಗೆ ಹಲಗೆ ಹೊಡೆದು ಕಂಪ್ಯೂಟರನ್ನು ಅದರ ಮೇಲೆ ಕೂರಿಸಿದೆ. ರೇಷ್ಮೆಯ ದೂಳು ಒಳಗೆ ಹೋಗದಂತೆ ಫ್ಯಾನಿನ ಬಾಯಿಗೆ ತೆಳು ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ಒಗೆಯಬೇಕೆಂದು ಹೇಳಿದೆ. ಕೇಬಲ್ಲು ಒಂದೂವರೆ ಮೀಟರು, ನಡುವೆ ಎಲ್ಲೂ ಗಂಟಿಲ್ಲ. "ಮೂರು ಮೊಳ ಚಿಲ್ಲರೆ" ಎಂದೆ ಆಕೆಗೆ. ಮಗ್ಗದ ಅದುರಾಟಕ್ಕೆ ಪ್ಲಗ್ಗು ಸಡಿಲವಾಗದಿರಲೆಂದು ಕೇಬಲ್ಲನ್ನು ಮಗ್ಗದ ಕಂಬಕ್ಕೆ ಪ್ಲಾಸ್ಟಿಕ್ ಟ್ಯಾಗಿನಿಂದ ಬಿಗಿದೆ. ಗೋಡೆಯೊಳಗಿನ ಹದಿನೆಂಟು ಮೊಳವನ್ನು ಮುಟ್ಟಲಿಲ್ಲ. ಎರಡು ತುದಿಯನ್ನೂ ಬಿಚ್ಚಿ, ಅದರ ಪಾಡಿಗೆ ಬಿಟ್ಟೆ.

ಅವತ್ತು ಸಾಯಂಕಾಲದವರೆಗೆ ಕೂತು ನೋಡಿದೆ. ಮಿಕ್ಸಿ ತಿರುಗಿಸಿದೆವು, ಮುದುಕಿ ಬೇಕೆಂದೇ ಮಗ್ಗದ ಕಂಬ ಅಲ್ಲಾಡಿಸಿದರು. ಕೊಕ್ಕರೆಗಳು ನೆಟ್ಟಗೆ ನಿಂತವು.

ಮತ್ತೆ ಫೋನು ಬಂದದ್ದು ಒಂದೂವರೆ ತಿಂಗಳಿಗೆ. ಮತ್ತೆ ಕೆಟ್ಟಿತು ಎಂದುಕೊಂಡೆ. ಆಕೆ ನಗುತ್ತಿದ್ದರು. "ಕೆಟ್ಟಿಲ್ಲ ಅಣ್ಣ. ಸೀರೆ ಕೊಯ್ದೆ. ಹೊಸ ಹಾಸು ಬಂದೈತೆ, ಕೆಚ್ಚಾಕೆ ಇನ್ನೊಂದು ಕೈ ಬೇಕು. ನೀನೂ ನೇಕಾರರ ಮನೆಯವನೇ ಅಲ್ವಾ, ಕೆಚ್ಚೋದು ಮರ್ತಿದೀಯಾ?"

ಮರೆತಿರಲಿಲ್ಲ. ಹೋದಾಗ ಆಕೆ ಮಗ್ಗಕ್ಕೆ ಪೂಜೆ ಮುಗಿಸಿ ಎದುರು ಬಂದರು, ನೇರಳೆ ಸೀರೆ ಉಟ್ಟು, ಅಂಚಿನ ತುಂಬ ಕೊಕ್ಕರೆ. "ಹೆಂಗೈತಣ್ಣ?" ಎಂದು ಕೇಳಿದರು. "ನನ್ನ ಕೇಳಿದ್ರೆ ಏನ್ ಬಂತಕ್ಕ, ನೋಡ್ಬೇಕಾದವರು ಇಲ್ಲ" ಎಂದುಬಿಟ್ಟೆ, ಆಮೇಲೆ ನಾಲಿಗೆ ಕಚ್ಚಿಕೊಂಡೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಹೂಂ, ಅದೇ" ಎಂದರು.

ಎರಡು ದಿನ ಕೆಚ್ಚಿದೆವು. ಮೊದಲ ನೂರು ಎಳೆಗೆ ನನ್ನ ಬೆರಳು ತಡವರಿಸಿತು, ಆಮೇಲೆ ತಾನೇ ನಡೆಯಿತು. ಬೂದಿ, ಹೊಸೆತ, ಮುಂದಿನ ಎಳೆ. ಅಪ್ಪ ಎದುರಿಗೇ ಕೂತಿದ್ದಾರೆ ಎನಿಸಿತು, ತಲೆ ಎತ್ತಲಿಲ್ಲ. ಸಾವಿರಾರು ನೇರಳೆ ತುದಿಗಳಿಗೆ ಸಾವಿರಾರು ಹಸಿರು ಎಳೆ ಸೇರಿದವು. ಆಕೆ ಮುಂದೆ ಕೂತು ಮೆಲ್ಲಗೆ ಎಳೆದರು. ಗಂಟುಗಳೆಲ್ಲ ಹಣಿಗೆ ದಾಟಿ ಈಚೆ ಬಂದವು, ಒಂದೂ ಕಡಿಯಲಿಲ್ಲ. ಹಸಿರು ಮಗ್ಗ ತುಂಬಿತು. ಆಕೆಯ ಕೈಯಲ್ಲಿ ಉಳಿದದ್ದು ಗಂಡ ಬಣ್ಣ ಹಾಕಿದ ಎಳೆಗಳ ಬಾಲ, ಒಂದು ಮೊಳ.

ಅದನ್ನು ಕೊಯ್ಯಲೇಬೇಕು. ಆಕೆ ಕತ್ತರಿ ಹಿಡಿದು ಸುಮಾರು ಹೊತ್ತು ಕೂತರು. ನಾನು ನೋಡಲಾರದೆ ಕೇಬಲ್ಲಿನ ಕಡೆ ತಿರುಗಿದೆ. ಪ್ಲಾಸ್ಟಿಕ್ ಟ್ಯಾಗು ಮಗ್ಗದ ಅದುರಾಟಕ್ಕೆ ಸವೆದು ಸಡಿಲವಾಗಿತ್ತು. "ಇದನ್ನ ಬದಲಿಸ್ಬೇಕು ಅಕ್ಕ" ಎಂದು ಚೀಲಕ್ಕೆ ಕೈಹಾಕಿದೆ.

"ಇರು" ಎಂದರು. ಕತ್ತರಿಯ ಸದ್ದು ಕೇಳಿತು. ಎದ್ದು ಬಂದು, ಆ ನೇರಳೆ ಎಳೆಗಳನ್ನು ಅಂಗೈಯಲ್ಲಿ ಹುರಿಮಾಡಿ, ಕೇಬಲ್ಲನ್ನು ಕಂಬಕ್ಕೆ ಮೂರು ಸುತ್ತು ಸುತ್ತಿ ಬಿಗಿಯಾಗಿ ಕಟ್ಟಿದರು. ನಾನು ಪ್ಲಗ್ಗನ್ನು ಹಿಡಿದು ಅಲ್ಲಾಡಿಸಿ ನೋಡಿದೆ. ಕದಲಲಿಲ್ಲ.

ಆಕೆ ಮಗ್ಗಕ್ಕೆ ಇಳಿದು ಕಾಲಿಟ್ಟರು. ಒಂದು ಸಾಲು ಎದ್ದಿತು, ಲಾಳಿ ಹಾಯಿತು. ಇನ್ನೊಂದು ಸಾಲು, ಮತ್ತೊಂದು. ಹತ್ತು ಸಾಲು ಆದ ಮೇಲೆ ಆಕೆ ತಾವಾಗಿಯೇ ಕಾಲು ನಿಲ್ಲಿಸಿ, ಮುಂದಿನ ಕೋಣೆಯ ಕಡೆ ಕಿವಿಗೊಟ್ಟು ಕಾದರು. ಅಲ್ಲಿಂದ ಯಾರೂ ಕೂಗಲಿಲ್ಲ. "ಹೂಂ" ಎಂದು ತಮಗೆ ತಾವೇ ಹೇಳಿಕೊಂಡು ತುಳಿದರು.